ಮೇಲಕ್ಕೆ ಎಸೆದ ಕಲ್ಲು: ಋಣ ಮೂಲಕ್ಕೆ ಅರ್ಥವಿದೆಯೇ?

ಪ್ರಶ್ನೆ:
25 ಮೀಟರ್ ಎತ್ತರದ ಕಟ್ಟಡದ ತುದಿಯಿಂದ ಕಲ್ಲೊಂದನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದರೆ ಅದು ಯಾವಾಗ ನೆಲ ಮುಟ್ಟುತ್ತದೆ ಎಂಬ ಲೆಕ್ಕದಲ್ಲಿ, ಗುರುತ್ವ ವೇಗೋತ್ಕರ್ಷವನ್ನು 10 ಎಂದಿಟ್ಟುಕೊಂಡಾಗ, ನನಗೆ ಟಿ² − 4ಟಿ − 5 = 0 ಎಂಬ ವರ್ಗ ಸಮೀಕರಣ ದೊರೆಯಿತು (ಟಿ ಎಂದರೆ ಎಸೆದ ಕ್ಷಣದಿಂದ ಎಣಿಸಿದ ಸೆಕೆಂಡುಗಳು). ಮೂಲಗಳು, ಅಂದರೆ ಸಮೀಕರಣಕ್ಕೆ ಹೊಂದುವ ಟಿಯ ಬೆಲೆಗಳು, 5 ಮತ್ತು −1. ಋಣ ಮೂಲವನ್ನು ಬಿಟ್ಟುಬಿಡಬೇಕೆನ್ನುತ್ತಾರೆ. ಆದರೆ ಅದು ಬಂದದ್ದಾದರೂ ಏಕೆ?

ಉತ್ತರ 1:
ನಿಮ್ಮ ಸಮೀಕರಣ ಸರಿಯಾಗಿದೆ, ಉತ್ತರ 5 ಸೆಕೆಂಡು. ಕಲ್ಲು ನಿಮ್ಮ ಕೈಬಿಟ್ಟ ಕ್ಷಣ ಯಾವುದೆಂಬುದು ಸಮೀಕರಣಕ್ಕೆ ತಿಳಿಯದು. ಅದು ಇಡೀ ಪಥವನ್ನು ಹಿಂದಕ್ಕೂ ಮುಂದಕ್ಕೂ ವಿವರಿಸುತ್ತದೆ. ಒಂದು ಸೆಕೆಂಡು ಮೊದಲೇ ಯಾರಾದರೂ ನೆಲದಿಂದ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಕಲ್ಲೆಸೆದಿದ್ದರೆ, ಅದು ಕಟ್ಟಡದ ತುದಿಯನ್ನು ಹಾಯುವಾಗ ಸರಿಯಾಗಿ 20ರ ವೇಗದಲ್ಲೇ ಇರುತ್ತಿತ್ತು. ಋಣ ಮೂಲ ಹೇಳುವುದು ಇದನ್ನೇ.

ಉತ್ತರ 2:
ಶೋಧಕವನ್ನೂ (ವರ್ಗ ಸಮೀಕರಣದ ಸೂತ್ರದಲ್ಲಿ ವರ್ಗಮೂಲದ ಚಿಹ್ನೆಯೊಳಗೆ ಬರುವ, ಮೂಲಗಳೆಷ್ಟು ಎಂದು ತಿಳಿಸುವ ಸಂಖ್ಯೆ) ಗಮನಿಸಿ, ಇದು ನನಗೆ ಬಹಳ ಪ್ರಿಯವಾದ ಭಾಗ. ತುದಿಯಿಂದ 15 ಮೀಟರ್ ಮೇಲೆ ಕಲ್ಲು ಯಾವಾಗ ಇರುತ್ತದೆ ಎಂದು ಕೇಳಿದರೆ 1 ಮತ್ತು 3 ಸೆಕೆಂಡು, ಅಂದರೆ ಏರುವಾಗೊಮ್ಮೆ, ಇಳಿಯುವಾಗೊಮ್ಮೆ. 20 ಮೀಟರಿಗೆ ಶೋಧಕ ಸೊನ್ನೆಯಾಗಿ 2 ಸೆಕೆಂಡು ಮಾತ್ರ ಉಳಿಯುತ್ತದೆ. ಅದೇ ಗರಿಷ್ಠ ಎತ್ತರ. 24 ಮೀಟರ್ ಎಂದರೆ ಶೋಧಕ ಋಣವಾಗುತ್ತದೆ, ಕಲ್ಲು ಅಲ್ಲಿಗೆ ತಲುಪುವುದೇ ಇಲ್ಲ.

ಪ್ರಶ್ನಿಸಿದವರು:
ಧನ್ಯವಾದಗಳು. 30ರಿಂದ ಆರಂಭಿಸಿ ಮತ್ತೆ ಲೆಕ್ಕ ಮಾಡಿದೆ. ಒಟ್ಟು 6 ಸೆಕೆಂಡು ಬಂದಿತು, ತಾಳೆಯಾಯಿತು.