ತಾಳಗುಪ್ಪಕ್ಕೆ ಬಂದ ರೈಲು ಅಲ್ಲೇ ನಿಂತುಬಿಟ್ಟಿದ್ದು ಯಾಕೆ? ಗೊತ್ತಿದ್ದವರು ಹೇಳಿ

ಕೊನೇ ಸ್ಟೇಷನ್

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನ ತವರು ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ತಾಳಗುಪ್ಪದ ಹತ್ತಿರದ ಒಂದು ಹಳ್ಳಿ. ನಾನು ಬೆಳೆದಿದ್ದೆಲ್ಲ ಬೆಂಗಳೂರಿನಲ್ಲಿ, ರಜೆಗೆ ಮಾತ್ರ ಅಜ್ಜನ ಮನೆ. ಮೊನ್ನೆ ಮಗಳು ಮೊಬೈಲಿನಲ್ಲಿ ರೈಲು ದಾರಿಯ ನಕ್ಷೆ ನೋಡುತ್ತಿದ್ದಳು. "ಅಪ್ಪಾ, ಈ ಗೆರೆ ಇಲ್ಲೇ ಯಾಕೆ ಮುಗಿದುಹೋಗಿದೆ, ಮುಂದೆ ಊರೇ ಇಲ್ವಾ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಒಂದು ಪೇಟೆ ಬೀದಿ, ಬಸ್ ಸ್ಟ್ಯಾಂಡ್, ನಾಲ್ಕು ಅಂಗಡಿ ಇರುವ ಊರಿಗೆ ಮೈಸೂರು, ಬೆಂಗಳೂರಿನಿಂದ ನೇರ ರೈಲು ಬರುತ್ತದೆ ಅಂದರೆ ಏನೋ ಕಾರಣ ಇರಬೇಕಲ್ವಾ? ಅಮ್ಮನನ್ನು ಕೇಳಿದರೆ "ನಾ ಹುಟ್ಟೂಕೆ ಮೊದಲೇ ರೈಲಿತ್ತು ಮಾರಾಯ" ಅಂದುಬಿಟ್ಟಳು.

ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವುದು ಒಂದೇ ಸಾಲು, ಜೋಗಕ್ಕೆ ಹತ್ತಿರದ ರೈಲು ನಿಲ್ದಾಣ ಅಂತ. ಊರಿಗೆ ಅದರದ್ದೇ ಆದ ಕಥೆ ಇಲ್ಲವೇ?

ಹಳೇ ಹೆಂಚು

ಬಹಳ ಸುಲಭ. ಲಿಂಗನಮಕ್ಕಿ ಅಣೆಕಟ್ಟು ಕಟ್ಟುವಾಗ ಸಿಮೆಂಟು, ಕಬ್ಬಿಣ ಸಾಗಿಸೋಕೆ ರೈಲು ಹಾಕಿದರು. ಕೆಲಸ ಮುಗಿಯಿತು, ರೈಲು ಉಳಿಯಿತು.

ಘಟ್ಟದ ಮೇಲಿನವ

ಹಳೇ ಹೆಂಚು ಅವರೇ, ಅರ್ಧ ಸರಿ. ರೈಲು ಲಿಂಗನಮಕ್ಕಿಗಿಂತ ತುಂಬಾ ಹಿಂದಿನದು. ಲಿಂಗನಮಕ್ಕಿ ಮುಗಿದಿದ್ದು 1964ರಲ್ಲಿ. ಶಿವಮೊಗ್ಗದಿಂದ ಮುಂದಕ್ಕೆ ಮೀಟರ್ ಗೇಜ್ ಹಳಿ 30ರ ದಶಕದಲ್ಲಿ ಅರಸಾಳು, ಆನಂದಪುರ, ಸಾಗರ ಅಂತ ತುಂಡು ತುಂಡಾಗಿ ಬಂದು, 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ಆಗ ಮೈಸೂರು ಸಂಸ್ಥಾನದ ಕಾಲ. 1939ರಲ್ಲಿ ಜೋಗದ ವಿದ್ಯುತ್ ಯೋಜನೆಯ ಕೆಲಸ ಶುರುವಾಗಿತ್ತು. ಜೋಗ ಇಲ್ಲಿಂದ ಹದಿನೈದು ಕಿಲೋಮೀಟರ್ ಆಸುಪಾಸು. ಭಾರದ ಸಾಮಾನು ರೈಲಿನಲ್ಲಿ ಇಲ್ಲಿಯ ತನಕ ಬರಬೇಕು, ಮುಂದೆ ರಸ್ತೆಯಲ್ಲೇ ಹೋಗಬೇಕು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿ ವಿದೇಶದಿಂದ ಬರಬೇಕಾದ ಯಂತ್ರಗಳು ತಡವಾದವು, ಕರೆಂಟು ಬಂದಿದ್ದು 1948ರಲ್ಲಿ. ಮೊದಲು 12 ಮೆಗಾವಾಟ್‌ನ ನಾಲ್ಕು ಯಂತ್ರ, ಆಮೇಲೆ 18ರ ನಾಲ್ಕು, ಒಟ್ಟು 120. ಇವತ್ತು ಮಹಾತ್ಮ ಗಾಂಧಿ ಹೆಸರಿರುವುದು ಇದಕ್ಕೇ, ಮೊದಲು ಕೃಷ್ಣರಾಜೇಂದ್ರ ಅಂತ ಇತ್ತು.

ಮುಂದೆ ಯಾಕೆ ಹೋಗಲಿಲ್ಲ ಅಂದರೆ, ಮುಂದೆ ಘಟ್ಟ. ಹೊನ್ನಾವರಕ್ಕೆ ಜೋಡಿಸಿ ಅನ್ನುವ ಬೇಡಿಕೆ ಹಳೆಯದು, ಚುನಾವಣೆ ಬಂದಾಗೆಲ್ಲ ಅದಕ್ಕೆ ಜೀವ ಬರುತ್ತದೆ. ನಡುವೆ ಇರುವುದು ಶರಾವತಿ ಕಣಿವೆ, ಸಿಂಗಳೀಕಗಳು ಇರುವ ಕಾಡು. ನನ್ನನ್ನು ಕೇಳಿದರೆ ಆಗದಿರುವುದೇ ಒಳ್ಳೆಯದು, ಬೈಯುವವರು ಬೈಯಲಿ.

ಇನ್ನೊಂದು ವಿಷಯ. ಊರು ರೈಲಿನಿಂದ ಹುಟ್ಟಿದ್ದಲ್ಲ. ತಾಳಗುಪ್ಪ ಕವಲು ದಾರಿಯ ಊರು. ಸಾಗರದಿಂದ ಬಂದ ರಸ್ತೆ ಇಲ್ಲಿ ಒಡೆದು ಒಂದು ಸಿದ್ದಾಪುರ, ಶಿರಸಿ ಕಡೆ, ಒಂದು ಜೋಗ, ಹೊನ್ನಾವರ ಕಡೆ ಹೋಗುತ್ತದೆ. ಸಾಗರ, ಶಿವಮೊಗ್ಗದಲ್ಲಿ "ಬಿ.ಎಚ್. ರಸ್ತೆ" ಅಂತ ಬೋರ್ಡು ನೋಡಿರುತ್ತೀರಿ, ಅದು ಬೆಂಗಳೂರು–ಹೊನ್ನಾವರ ರಸ್ತೆ. ದಿನಾ ಓಡಾಡುವವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ರೈಲ್‌ಬಸ್ ಪಾಸು

ಎಲ್ಲರೂ ಇಸವಿ ಹೇಳುತ್ತಿದ್ದೀರಿ, ನಾನು ರೈಲ್‌ಬಸ್ ಬಗ್ಗೆ ಹೇಳುತ್ತೇನೆ. ಮೀಟರ್ ಗೇಜಿನ ಕೊನೆಯ ವರ್ಷಗಳಲ್ಲಿ ಇಲ್ಲಿ ಓಡುತ್ತಿದ್ದದ್ದು ಒಂದೇ ಡಬ್ಬಿ, ನೋಡೋಕೆ ಬಸ್ಸಿನ ಹಾಗೇ, ಹಳಿಯ ಮೇಲೆ. ನಾನು ಸಾಗರದ ಕಾಲೇಜಿಗೆ ಅದರಲ್ಲೇ ಹೋಗಿ ಬರುತ್ತಿದ್ದೆ. ಹಾಲಿನ ಕ್ಯಾನು, ಬಾಳೆಗೊನೆ, ಸಂತೆ ಚೀಲ, ಒಂದು ಸಲ ಬುಟ್ಟಿಯಲ್ಲಿ ಕೋಳಿ, ಎಲ್ಲ ನಮ್ಮ ಕಾಲ ಬುಡದಲ್ಲೇ. ಮಳೆಗಾಲದಲ್ಲಿ ಕಿಟಕಿ ಹಾಕಿದರೂ ಒಂದು ಕಡೆ ತೋಯುತ್ತಿತ್ತು, ಹಾಗಾಗಿ ಯಾರು ಯಾವ ಸೀಟು ಅಂತ ಗಲಾಟೆ. ಬಸ್ಸಿಗಿಂತ ನಿಧಾನ, ಆದರೆ ಟಿಕೆಟ್ ಅಗ್ಗ, ಪಾಸು ಇನ್ನೂ ಅಗ್ಗ. ಟೈಮಿಗೆ ಬಂದರೆ ಜನ ಗಾಬರಿ ಆಗುತ್ತಿದ್ದರು.

ಆಮೇಲೆ ಬ್ರಾಡ್ ಗೇಜ್ ಮಾಡುತ್ತೇವೆ ಅಂತ ಹಳಿ ಕಿತ್ತರು. ರೈಲೇ ಇಲ್ಲದ ಆ ಕಾಲದಲ್ಲಿ ಸ್ಟೇಷನ್ ಹತ್ತಿರದ ಚಾ ಅಂಗಡಿಯಲ್ಲಿ ಬೆಳಗ್ಗೆ ಕೂರುತ್ತಿದ್ದವರು ಮಾತ್ರ ಅಲ್ಲೇ ಕೂರುತ್ತಿದ್ದರು, ಯಾರನ್ನು ಕಾಯುತ್ತಿದ್ದರೋ. 2011ರಲ್ಲಿ ದೊಡ್ಡ ರೈಲು ಬಂದಾಗ ಊರಿಗೆ ಊರೇ ಪ್ಲಾಟ್‌ಫಾರ್ಮಿನಲ್ಲಿತ್ತು. ಈಗ ರಾತ್ರಿ ಬೆಂಗಳೂರಲ್ಲಿ ಹತ್ತಿ ಮಲಗಿದರೆ ಬೆಳಗ್ಗೆ ಊರು. ಕೊನೇ ಸ್ಟೇಷನ್ ಅಲ್ವಾ, ನಿದ್ದೆ ಹತ್ತಿದರೂ ಮುಂದಕ್ಕೆ ಹೋಗಿಬಿಡುವ ಭಯ ಇಲ್ಲ!

ಮುಳುಗಡೆ ಮೊಮ್ಮಗ

ಘಟ್ಟದ ಮೇಲಿನವರು ಮೆಗಾವಾಟ್ ಲೆಕ್ಕ ಸರಿಯಾಗಿಯೇ ಹೇಳಿದರು. ಆದರೆ ಆ ಕರೆಂಟಿಗೆ ನೀರು ಎಲ್ಲಿಂದ ಬಂತು ಅನ್ನುವುದನ್ನು ಬಿಟ್ಟರು. ಮೊದಲು ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು, ನೀರು ತಾನೇ ಎಳೆದುಕೊಂಡು ಹೊರಗೆ ಹಾಕುವ ಸೈಫನ್‌ಗಳಿದ್ದ ಅಣೆಕಟ್ಟು. ಆಗ ಒಂದಷ್ಟು ಹಳ್ಳಿ ಮುಳುಗಿದವು. ಆಮೇಲೆ ಅದಕ್ಕಿಂತ ದೊಡ್ಡ ಲಿಂಗನಮಕ್ಕಿ ಬಂದು ಆ ಅಣೆಕಟ್ಟನ್ನೇ ಮುಳುಗಿಸಿತು. ಮುಳುಗಿಸಿದ ಅಣೆಕಟ್ಟೇ ಮುಳುಗಡೆ ಆಯಿತು! ನೀರು ತುಂಬಾ ಇಳಿದ ವರ್ಷ ಹೋದರೆ ಅದು ಮೇಲೆ ಕಾಣುತ್ತದೆ, ಜನ ಫೋಟೋ ತೆಗೆಸಿಕೊಳ್ಳೋಕೆ ಹೋಗುತ್ತಾರೆ. ನನ್ನ ಅಪ್ಪ ಒಂದು ಸಲವೂ ಬರಲಿಲ್ಲ.

ನಮ್ಮ ಅಜ್ಜನ ಮನೆ ಕರೂರು ಸೀಮೆಯಲ್ಲಿತ್ತು. ಹೆಂಚು, ಕಂಬ, ಬಾಗಿಲು ಬಿಚ್ಚಿಕೊಂಡು, ದನಕರು ಹೊಡೆದುಕೊಂಡು, ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿದ್ದರಂತೆ. ಅಜ್ಜಿ ತಂದ ತುಳಸಿ ಗಿಡ ದಾರಿಯಲ್ಲೇ ಬಾಡಿತ್ತು ಅಂತ ಸಾಯುವ ತನಕ ಹೇಳುತ್ತಿದ್ದರು, ಮನೆ ಹೋಗಿದ್ದಕ್ಕಿಂತ ಅದರ ಬೇಜಾರೇ ಜಾಸ್ತಿ ಇದ್ದ ಹಾಗೆ. ಕೊಟ್ಟ ಜಮೀನಿನ ಕಾಗದಕ್ಕೆ ಅಪ್ಪ ಕಚೇರಿ ಅಲೆದರು, ಈಗ ನಾನು ಅಲೆಯುತ್ತಿದ್ದೇನೆ. ಫೈಲು ಅದೇ, ಗುಮಾಸ್ತರು ಮಾತ್ರ ಬದಲಾಗಿದ್ದಾರೆ. ಅತ್ತ ದಡದಲ್ಲಿ ಉಳಿದ ತುಮರಿ ಕಡೆಯವರಿಗೆ ಲಾಂಚೇ ಗತಿಯಾಗಿತ್ತು, ಸಿಗಂದೂರು ಸೇತುವೆ ಆಗಿದ್ದು 2025ರ ಜುಲೈನಲ್ಲಿ. 1964ರಿಂದ ಲೆಕ್ಕ ಹಾಕಿ.

ಚಿತ್ತಾರದಕ್ಕ

ಇದನ್ನೆಲ್ಲ ಓದಿ ಸುಮ್ನೆ ಹೋಗೋಣ ಅಂತಿದ್ದೆ, ಆಗಲಿಲ್ಲ. ರೈಲು, ಡ್ಯಾಮು, ಸೇತುವೆ, ಇವೆಲ್ಲ ಹೊರಗಿನಿಂದ ಊರಿಗೆ ಬಂದ ಕಥೆ. ಊರವರೇ ಮಾಡಿದ್ದು ಏನೂ ಇಲ್ವಾ?

ನಾವು ದೀವರು, ಈ ಕಡೆಯ ಒಂದು ರೈತ ಸಮುದಾಯ. ನಮ್ಮ ಮನೆಯಲ್ಲಿ ಇತಿಹಾಸ ಅಂದರೆ ಕಾಗೋಡು. 1951ರಲ್ಲಿ ಇದೇ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಜಗಳ ಶುರುವಾಗಿದ್ದು ಒಂದು ಕೊಳಗದಿಂದ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರ ಕೊಳಗ ದೊಡ್ಡದು. ವರ್ಷವೆಲ್ಲ ಕೆಸರಲ್ಲಿ ದುಡಿದವನ ಕಣ್ಣೆದುರೇ ಅಳತೆ ಮೋಸ. ಎಚ್. ಗಣಪತಿಯಪ್ಪನವರು ಹಳ್ಳಿ ಹಳ್ಳಿ ತಿರುಗಿ ಜನರನ್ನು ಸೇರಿಸಿದರು, ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಇಲ್ಲಿ ಬಂಧನವಾದರು. ಉಳುವವನಿಗೇ ಭೂಮಿ ಅನ್ನುವುದು ಕಾನೂನಾಗಿದ್ದು ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ. ನಮ್ಮಜ್ಜ ಪಹಣಿ ಕಾಗದವನ್ನು ದೇವರ ಗೂಡಿನಲ್ಲಿ ಇಟ್ಟಿದ್ದರು.

ಇನ್ನು ಹಬ್ಬ. ಕೊನೇ ಸ್ಟೇಷನ್ ಅವರೇ, ನಿಮ್ಮ ಮಗಳಿಗೆ ನಕ್ಷೆ ಬದಲು ಭೂಮಿ ಹುಣ್ಣಿಮೆ ತೋರಿಸಿ. ದಸರಾ ಮುಗಿದ ಮೇಲೆ ಬರುವ ಹುಣ್ಣಿಮೆ, ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ, ಅಂದರೆ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಊಟ ಹಾಕಬೇಕಲ್ಲ. ಹೆಂಗಸರು ಮೊದಲೇ ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನಿಂದ ಚಿತ್ತಾರ ಬರೆದಿಡುತ್ತಾರೆ, ಅದೇ ಭೂಮಣ್ಣಿ ಬುಟ್ಟಿ. ರಾತ್ರಿಯೆಲ್ಲ ಅಡುಗೆ, ಕಡುಬು, ಹಿತ್ತಲು, ಬ್ಯಾಣದಿಂದ (ಹುಲ್ಲುಗಾವಲಿನಿಂದ) ತಂದ ಹತ್ತಾರು ಸೊಪ್ಪು ಕುಡಿ ಬೇಯಿಸಿದ ಚರಗ. ನನ್ನ ಅತ್ತೆ ಆವತ್ತು ಒಬ್ಬರನ್ನೂ ಮಲಗಲು ಬಿಡುತ್ತಿರಲಿಲ್ಲ. ಕತ್ತಲಿರುವಾಗಲೇ ಗಂಡಸರು ದೀಪ ಹಿಡಿದು ಗದ್ದೆಗೆ ಹೋಗಿ, ಭೂಮಿತಾಯಿ ಉಂಡು ಹೋಗಲಿ ಅಂತ ಕೂಗುತ್ತಾ ಚರಗ ಬೀರುತ್ತಾರೆ. ಕಾಗೆಗೂ ಪಾಲು, ಇಲಿಗೂ ಪಾಲು. ಬೆಳಗಾದ ಮೇಲೆ ಮನೆಯವರೆಲ್ಲ ಗದ್ದೆಯಲ್ಲೇ ಕೂತು ಉಣ್ಣುವುದು. ದೀಪಾವಳಿಗೆ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ಮನೆ ಮನೆಗೆ ಬರುತ್ತಾರೆ, ಈಗ ಅದು ಕಡಿಮೆ ಆಗಿದೆ. ಗೋಡೆಯ ಹಸೆ ಚಿತ್ತಾರವೂ ಅಷ್ಟೇ. ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಈಗ ಮದುವೆ ಮನೆಗೆ ಫ್ಲೆಕ್ಸ್‌ನಲ್ಲಿ ಪ್ರಿಂಟ್ ಹಾಕಿಸಿದ ಚಿತ್ತಾರ ಬರುತ್ತಿದೆ, ನೋಡಿದರೆ ಮೈ ಉರಿಯುತ್ತದೆ.

ಘಟ್ಟದ ಮೇಲಿನವ

ಒಪ್ಪಿದೆ ಅಕ್ಕ, ನಾನು ಬರೆದಿದ್ದು ಬರೀ ಹಳಿಯ ಕಥೆ. ಆ ಗದ್ದೆಗಳ ಬಗ್ಗೆ ಇನ್ನೊಂದು ಮಾತು ಸೇರಿಸುತ್ತೇನೆ. ಒಂದು ಕಡೆ ಶರಾವತಿ ಹಿನ್ನೀರು ಅಂತ ಮಾತಾಡುತ್ತೇವೆ, ಇತ್ತ ಸೈದೂರು, ಕಾನ್ಲೆ ಕಡೆ ಜೋರು ಮಳೆಯ ವರ್ಷ ವರದಾ ಹೊಳೆ ಉಕ್ಕಿ ನಾಟಿ ಮಾಡಿದ ಗದ್ದೆ ಮುಳುಗುತ್ತದೆ. ಅದಕ್ಕೆ ಯಾವ ಅಣೆಕಟ್ಟೂ ಬೇಕಾಗಿಲ್ಲ. ಒಂದೇ ವರ್ಷ ಎರಡೆರಡು ಸಲ ನಾಟಿ ಮಾಡಿದವರನ್ನು ನೋಡಿದ್ದೇನೆ.

ಕೊನೇ ಸ್ಟೇಷನ್

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಜೋಗ, ರೈಲು ಅಂದಾಗ ಹೂಂ ಹೂಂ ಅಂತಿದ್ದವಳು ಕೊಳಗದ ಮಾತು ಬಂದಾಗ ಸರಕ್ಕನೆ ಎದ್ದು ಕೂತಳು. ಅಜ್ಜ ಸ್ವಂತ ಮನೆಯಲ್ಲಿ ಭತ್ತ ಅಳೆಯುವಾಗಲೂ ಕೊಳಗದ ಬಾಯಿಯ ಮೇಲೆ ಕೈ ಆಡಿಸಿ ಎರಡೆರಡು ಸಲ ನೋಡುತ್ತಿದ್ದನಂತೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ "ನೀ ಕೇಳಿದ್ದು ರೈಲಿನ ವಿಷಯ ಅಲ್ವನಾ" ಅಂದಳು.

ಈ ಸಲ ಭೂಮಿ ಹುಣ್ಣಿಮೆಗೆ ಮಗಳನ್ನೂ ಅಮ್ಮನನ್ನೂ ಕರೆದುಕೊಂಡು ಹೊರಡುತ್ತೇನೆ. ಹಿಂದಿನ ರಾತ್ರಿಯ ರೈಲು ಹತ್ತಿದರೆ ಸಾಕಲ್ವಾ?

ಚಿತ್ತಾರದಕ್ಕ

ಸಾಕಾಗಲ್ಲ ತಮ್ಮಾ. ಆ ರೈಲು ತಾಳಗುಪ್ಪ ಮುಟ್ಟುವಾಗ ಬೆಳಕು ಹರಿದಿರುತ್ತದೆ, ಚರಗ ಬೀರಿ ಮುಗಿದಿರುತ್ತದೆ. ಒಂದು ದಿನ ಮೊದಲೇ ಬನ್ನಿ. ಸೊಪ್ಪು ಕೊಯ್ಯೋಕೆ ನಿಮ್ಮ ಮಗಳೂ ಆಗುತ್ತಾಳೆ.