ಅಪ್‌ಡೇಟ್: ಗೇರ್‌ಬಾಕ್ಸ್ ಕೆಟ್ಟಿರ್ಲಿಲ್ರಿ, ಆಯಿಲ್ ಕಮ್ಮಿ ಇತ್ತು

ನಮಸ್ಕಾರ್ರೀ. ಹೋದ ತಿಂಗಳು ಇಲ್ಲೇ ಕೇಳಿದ್ನಲ್ಲಾ, ಸರ್ವಿಸ್ ಮಾಡಿಸಿದ ಮರುದಿನದಿಂದ ನಮ್ಮ ಆಟೋಮ್ಯಾಟಿಕ್ ಕಾರು ಡಿ (ಮುಂದ ಹೋಗೂ ಗೇರ್) ಹಾಕಿದ್ರ ಎರಡು ಸೆಕೆಂಡ್ ಸುಮ್ನ ನಿಂತು ಆಮ್ಯಾಲೆ ಧಡ್ ಅಂತ ಹೊಂಡ್ತದ, ನವಲೂರು ಸೇತುವೆ ಏರುವಾಗ ಆರ್‌ಪಿಎಂ ಮುಳ್ಳು ಜಿಗೀತದ, ಗಾಡಿ ಮಾತ್ರ ಎಳೆಯಂಗಿಲ್ಲ ಅಂತ. ಅದರದೇ ಸುದ್ದಿ.

ಸರ್ವಿಸ್ ಮಾಡಿದವ್ರು "ಗೇರ್‌ಬಾಕ್ಸ್ ಇಳಿಸ್ಬೇಕಾಗ್ತದ" ಅಂದುಬಿಟ್ರು. ಎದಿ ಧಸಕ್ ಅಂತು. ನಿಮ್ಮೊಳಗ ಒಬ್ರು "ಮೊದ್ಲ ಗೇರ್‌ಬಾಕ್ಸ್ ಆಯಿಲ್ ಲೆವೆಲ್ ನೋಡಸ್ರಿ" ಅಂದಿದ್ದು ನೆನಪಾಗಿ, ಹುಬ್ಬಳ್ಳ್ಯಾಗ ಗುರ್ತಿನ ಹಳೇ ಮೆಕ್ಯಾನಿಕ್ ಕಡೆ ಒಯ್ದೆ.

ಈ ಗೇರ್‌ಬಾಕ್ಸ್‌ಗೆ ಡಿಪ್‌ಸ್ಟಿಕ್ (ಆಯಿಲ್ ಅಳಿಯೂ ಕಡ್ಡಿ) ಇಲ್ರಿ, ಕೆಳಗ ಒಂದು ಲೆವೆಲ್ ಪ್ಲಗ್ ಅಷ್ಟ, ಅದನ್ನ ಬಿಚ್ಚಿದಾಗ ಆಯಿಲ್ ಸಣ್ಣಗ ಸೋರಿದ್ರ ಲೆವೆಲ್ ಸರಿ ಅದ ಅಂತ. ಅವ್ರು ಸ್ಕ್ಯಾನರ್ ಹಚ್ಚಿ, ಎಂಜಿನ್ ಚಾಲೂ ಇಟ್ಟು, ಆಯಿಲ್ 40 ಡಿಗ್ರಿಗೆ ಬಂದ ಮ್ಯಾಲೆ ಪ್ಲಗ್ ಬಿಚ್ಚಿದ್ರು. ಒಂದು ಹನಿನೂ ಬೀಳ್ಲಿಲ್ಲ! ಸರ್ವಿಸ್‌ನಾಗ ಆಯಿಲ್ ಬದಲಿಸಿದವ್ರು ಎಂಜಿನ್ ಬಂದ್ ಇಟ್ಟ ಲೆವೆಲ್ ನೋಡ್ಯಾರ. ಬಂದ್ ಇದ್ದಾಗ ತುಂಬೇದ ಅನ್ನಸ್ತದ. ಚಾಲೂ ಮಾಡಿದ ಕೂಡ್ಲೆ ಪಂಪು ಆಯಿಲನ್ನ ಟಾರ್ಕ್ ಕನ್ವರ್ಟರ್‌ಗೆ (ಎಂಜಿನ್ ಶಕ್ತಿ ಗೇರ್‌ಬಾಕ್ಸ್‌ಗೆ ಮುಟ್ಟಸೂ ಭಾಗ), ಆಯಿಲ್ ತಣ್ಣಗ ಮಾಡೂ ಕೂಲರ್‌ಗೆ ಎಳ್ಕೊಂತದ, ತಳದಾಗ ಕಮ್ಮಿ ಬೀಳ್ತದ, ಪ್ರೆಶರ್ ಸಾಲಂಗಿಲ್ಲ, ಅದಕ್ಕ ಗೇರ್ ತಡಾ ಆಗಿ ಹಿಡೀತಿತ್ತು. ತೂತಿನಿಂದ ಸಣ್ಣ ಎಳಿ ಆಗಿ ಸೋರೂತನಕ ಹಾಕಿದ್ರು, ಹತ್ರ ಹತ್ರ ಒಂದು ಲೀಟರ್ ಹಿಡೀತು. ಡಬ್ಬಿ ಮ್ಯಾಲಿನ ಗ್ರೇಡ್ ನಾನ ಮ್ಯಾನುವಲ್ ಹಿಡ್ಕೊಂಡು ತಾಳೆ ನೋಡಿದೆ, ಅವ್ರು ನಕ್ಕರು.

ಈಗ ಧಾರವಾಡಕ್ಕ ಮೂರು ಸಲ ಹೋಗಿಬಂದೆ. ಧಡ್ ಅನ್ನೂದು ನಿಂತದ. ಕಮ್ಮಿ ಆಯಿಲ್‌ನಾಗ ಓಡಿಸಿದ್ದಕ್ಕ ಒಳಗಿನ ಕ್ಲಚ್ ಪ್ಲೇಟ್ ಸವದಾವೇನೋ ಅನ್ನೂ ಅಳುಕು ಇನ್ನೂ ಅದ. ತಿಂಗಳ ಬಿಟ್ಟು ಆಯಿಲ್ ಕಪ್ಪಾಗೇದೇನು, ಸುಟ್ಟ ವಾಸನಿ ಬರ್ತದೇನು ನೋಡಸ್ತೇನಿ. ಲೆವೆಲ್ ನೋಡು ಅಂದವ್ರಿಗೆ ಒಂದು ಕಿಲೋ ಧಾರವಾಡ ಪೇಢೆ ಬಾಕಿ ಅದ ನಂದು.