ನಾಯಿ ಹಿಡಿದ ಹೇಂಟೆ ಬದುಕುತ್ತಾ? ಸಾಕಿದವರು ಹೇಳಿ

ಪ್ರಶ್ನೆ, ಸಕಲೇಶಪುರ ಕಡೆಯಿಂದ:

ನಿನ್ನೆ ಸಂಜೆ ಪಕ್ಕದ ತೋಟದ ನಾಯಿ ನುಗ್ಗಿ ನಮ್ಮ ನಾಟಿ ಹೇಂಟೆಯನ್ನು ಹಿಡಿದುಬಿಟ್ಟಿತ್ತು. ಕೂಗಾಡಿ ಬಿಡಿಸಿಕೊಂಡೆವು. ಬೆನ್ನ ಮೇಲೆ ಪುಕ್ಕ ಕಿತ್ತು ಅಂಗೈಯಗಲ ಚರ್ಮ ಹರಿದಿದೆ. ಒಂದು ಕಾಲು ಊರುತ್ತಿಲ್ಲ. ರಾತ್ರಿಯಿಂದ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದೆ, ಅಕ್ಕಿ ಹಾಕಿದರೂ ನೋಡುತ್ತಿಲ್ಲ. ಅತ್ತೆ ಅರಿಶಿನ-ಎಣ್ಣೆ ಹಚ್ಚು ಅಂತಾರೆ, ಮಾವ ಕೊಯ್ದು ಸಾರು ಮಾಡಿ ಅಂತಾರೆ. ಇವತ್ತು ಭಾನುವಾರ, ಪಶು ಆಸ್ಪತ್ರೆ ಬಾಗಿಲು ಹಾಕಿದೆ. ಮನೆಯಲ್ಲೇ ಏನು ಮಾಡಬಹುದು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ತೀರ್ಥಹಳ್ಳಿಯಿಂದ:

ಅಕ್ಕಿ, ಅರಿಶಿನ ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ನಾಯಿ ಬಾಯಿಂದ ಬಿಡಿಸಿದ ಕೋಳಿಗೆ ಮೊದಲು ಬೇಕಾದ್ದು ಬಿಸುಪು, ಕತ್ತಲೆ, ಸದ್ದಿಲ್ಲದ ಜಾಗ. ನಮ್ಮಲ್ಲಿ ನರಿ, ಮುಂಗುಸಿ, ನಾಯಿ ಎಲ್ಲದರ ಕಾಟವೂ ಆಗಿದೆ. ಸಣ್ಣ ಗಾಯದ ಕೋಳಿ ಬೆಳಗಾಗುವುದರೊಳಗೆ ಸತ್ತದ್ದೂ ಉಂಟು, ನೋಡಲಾಗದ ಹಾಗೆ ಹರಿದದ್ದು ಬದುಕಿದ್ದೂ ಉಂಟು. ಕೋಳಿಯ ಮೈಬಿಸಿ ಸಾಧಾರಣವಾಗಿ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು, ನಮಗಿಂತ ಹೆಚ್ಚು. ಹೆದರಿ, ರಕ್ತ ಹೋಗಿ ಕೂತ ಕೋಳಿಯ ಮೈ ತಣ್ಣಗಾಗುತ್ತದೆ, ಆಮೇಲೆ ಏನು ಹಚ್ಚಿದರೂ ಪ್ರಯೋಜನವಿಲ್ಲ.

ಒಂದು ರಟ್ಟಿನ ಡಬ್ಬಕ್ಕೆ ಗಾಳಿಯಾಡಲು ತೂತು ಮಾಡಿ, ಹಳೇ ಪಂಚೆ ಹಾಸಿ ಅದರಲ್ಲಿ ಕೂರಿಸಿ. ಟರ್ಕಿ ಟವಲ್ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಒಂದೇ ಪಕ್ಕಕ್ಕೆ ಇಡಿ, ಸೆಕೆಯಾದರೆ ಆಚೆ ಸರಿಯಲು ಜಾಗ ಇರಬೇಕು. ಬಲ್ಬ್ ಹಾಕುವವರು ಹಳೇ ಕಾಲದ ತಂತಿಯ ಬಲ್ಬ್ ಹುಡುಕಬೇಕು, ಎಲ್‌ಇಡಿಯಿಂದ ಬಿಸಿ ಬರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಡುವಾಗ ರೆಕ್ಕೆಯನ್ನೂ ಮೈಯಿಂದ ದೂರ ಹಿಡಿದಿದ್ದರೆ ಬಿಸಿ ಜಾಸ್ತಿಯಾಗಿರಬಹುದು. ತೆಗೆದು ನೋಡಿ. ತೆಗೆದ ಮೇಲೂ ಬಾಯಿ ತೆರೆದೇ ಇದ್ದರೆ ಅದು ಸೆಕೆಯಲ್ಲ, ಎದೆಗೆ ಪೆಟ್ಟು ಬಿದ್ದಿರಬಹುದು.

ನೀರನ್ನು ಬಾಯಿಗೆ ಸುರಿಯಬೇಡಿ. ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುತ್ತದೆ, ಸುರಿದ ನೀರು ನೇರ ಅಲ್ಲಿಗೇ ಇಳಿಯುತ್ತದೆ. ಕೊಕ್ಕಿನ ಬದಿಗೆ ಒಂದೊಂದೇ ಹನಿ ತಾಗಿಸಿ, ತಾನೇ ನುಂಗಲಿ. ಓಆರ್‌ಎಸ್ ಇದ್ದರೆ ಒಳ್ಳೆಯದು.

ಕೋಳಿ ಸ್ವಲ್ಪ ಚೇತರಿಸಿಕೊಂಡು ಕಣ್ಣು ಬಿಟ್ಟ ಮೇಲೆ ಗಾಯಕ್ಕೆ ಕೈ ಹಾಕಿ. ರಕ್ತ ಇನ್ನೂ ಸುರಿಯುತ್ತಿದ್ದರೆ ಮಾತ್ರ ಮೊದಲು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ರೆಕ್ಕೆ ಮಡಿಸಿ ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಳ್ಳಿ, ಆದರೆ ಎದೆ ಅದುಮಬೇಡಿ. ಕೋಳಿಗೆ ನಮ್ಮ ಹಾಗೆ ವಪೆ (ಎದೆ, ಹೊಟ್ಟೆಯ ನಡುವೆ ಉಸಿರಾಡಿಸುವ ಪರದೆ) ಇಲ್ಲ, ಎದೆಗೂಡು ಆಡಿದರಷ್ಟೇ ಉಸಿರು. ಬೆನ್ನ ಗಾಯ ಕಂಡಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ನಾಯಿಗೆ ಮೇಲೂ ಹಲ್ಲು, ಕೆಳಗೂ ಹಲ್ಲು. ಹೊಟ್ಟೆ, ರೆಕ್ಕೆಯ ಅಡಿ, ತೊಡೆಯ ಸಂದು ಎಲ್ಲ ಕಡೆ ಪುಕ್ಕಕ್ಕೆ ಸ್ವಲ್ಪವೇ ನೀರು ತಾಗಿಸಿ ಬಿಡಿಸಿ ನೋಡಿ. ಗಾಯದ ಸುತ್ತಿನ ಪುಕ್ಕವನ್ನು ಕತ್ತರಿಯಿಂದ ಕತ್ತರಿಸಬೇಕೇ ಹೊರತು ಕೀಳಬಾರದು, ಚರ್ಮ ತೆಳ್ಳಗಿರುವುದರಿಂದ ಇನ್ನಷ್ಟು ಹರಿಯುತ್ತದೆ.

ತೊಳೆಯಲು ಮೆಡಿಕಲ್ ಶಾಪಿನ ಸಲೈನ್ ಬಾಟಲಿ ಸಾಕು. ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು. ಸೂಜಿ ತೆಗೆದ ಸಿರಿಂಜ್‌ನಿಂದ ಚಿಮ್ಮಿಸಿದರೆ ಒಳಗಿನ ಮಣ್ಣು, ಕೂದಲು ಹೊರಗೆ ಬರುತ್ತದೆ. ಆಮೇಲೆ ಗಾಯಕ್ಕೆ ಹಾಕುವ ಕಂದು ಔಷಧಿ ಪೊವಿಡೋನ್ ಅಯೋಡಿನ್, ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಹಾಕಿ. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಹೊಸದಾಗಿ ಕೂಡುತ್ತಿರುವ ಮಾಂಸವನ್ನೂ ಅದು ಸುಡುತ್ತದೆ. ಜೋತ ಚರ್ಮವನ್ನು ಕತ್ತರಿಸಿ ಬಿಸಾಡದೆ ಗಾಯದ ಮೇಲೇ ಹೊದಿಸಿ ಬಿಡಿ.

ಬೈಲಹೊಂಗಲದಿಂದ:

ಮೇಲಿನವ್ರು ಹೇಳಿದ್ದೆಲ್ಲ ಖರೆ. ಇನ್ನೊಂದ್ ಮಾತು. ಅದನ್ನ ಬ್ಯಾರೆ ಕೋಳಿ ಜೋಡಿ ಒಟ್ಟ ಬಿಡಬ್ಯಾಡ್ರಿ. ಕೆಂಪು ಕಂಡ್ರ ಸಾಕು, ಕೂಡಿ ಬೆಳದ ಕೋಳಿನ ಕುಕ್ಕಿ ಕುಕ್ಕಿ ಕೊಲ್ತಾವು. ನಮ್ಮ ಜವಾರಿ ಹುಂಜ ಅಂತೂ ಮದ್ಲ ಬಂದು ಕುಕ್ಕತೈತಿ.

ಮತ್ತ ನೊಣ. ಗಾಯದ ಮ್ಯಾಲೆ ನೊಣ ಕುಂತು ತತ್ತಿ ಇಟ್ರ, ಬಿಸಲ ದಿನದಾಗ ಒಂದ ದಿನಕ್ಕ ಹುಳ ಆಗ್ತಾವು. ಡಬ್ಬಿ ಮ್ಯಾಲೆ ಸೊಳ್ಳಿಪರದಿ ಹಾಕ್ರಿ, ಹಿಕ್ಕಿ ಆಗಾಗ ತಗೀರಿ, ದಿನಾ ಎರಡು ಸರ್ತಿ ಗಾಯ ನೋಡ್ರಿ. ಹುಳ ಬಿದ್ರ ಚಿಮಟಿಗಿಲೆ ಒಂದೊಂದ ಆರಿಸಿ ತಗದು ಉಪ್ಪುನೀರಿಲೆ ತೊಳೀರಿ. ದನದ ಗಾಯಕ್ಕ ಉದುರಸೋ ಹುಳದ ಪುಡಿ ಮನ್ಯಾಗ ಇರ್ತೈತಿ ಅಂತ ಅದನ್ನ ಉದುರಸಬ್ಯಾಡ್ರಿ. ಅಂಥಾ ಪುಡಿಯೊಳಗ ಕೀಟನಾಶಕ ಇರ್ತೈತಿ, ಆಕಳ ಮೈ ತಡಕೊಂಡಂಗ ಕೋಳಿ ಮೈ ತಡಕೊಳ್ಳೂದಿಲ್ಲ. ಟರ್ಪೆಂಟೈನ್, ಸೀಮೆಎಣ್ಣಿನೂ ಬ್ಯಾಡ.

ಮೈಸೂರಿನಿಂದ, ವೃತ್ತಿಯಲ್ಲಿ ಪಶುವೈದ್ಯೆ:

ಮನೆ ಆರೈಕೆ ಸರಿಯಾಗೇ ಹೇಳಿದ್ದಾರೆ. ಮನೆಯಲ್ಲಿ ಆಗದ ಭಾಗ ನನ್ನದು.

ಕಚ್ಚಿದ ಗಾಯ ಹೊರಗೆ ಸಣ್ಣ ತೂತು, ಒಳಗೆ ದೊಡ್ಡ ಜಖಂ. ಹಲ್ಲಿನ ಜೊತೆ ಬ್ಯಾಕ್ಟೀರಿಯಾ ಒಳಗೆ ಹೋಗಿರುತ್ತದೆ, ಬೆಕ್ಕಿನದಾದರೆ ಇನ್ನೂ ಅಪಾಯ. ಆಂಟಿಬಯಾಟಿಕ್ ಬೇಕೇ ಬೇಕಾಗುತ್ತದೆ, ಒಂದು ದಿನದೊಳಗೆ ಶುರುವಾದರೆ ಒಳ್ಳೆಯದು. ನಾಳೆ ಬೆಳಗ್ಗೆ ಆಸ್ಪತ್ರೆ ತೆರೆದ ಕೂಡಲೇ ಡಬ್ಬದ ಸಮೇತ ಒಯ್ಯಿರಿ. ಅಲ್ಲಿಯವರೆಗೆ 1962ಕ್ಕೆ ಫೋನ್ ಮಾಡಿ ಕೇಳಬಹುದು, ಅದು ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ಸೇವೆಯಾದ ಪಶು ಸಂಜೀವಿನಿಯ ಸಹಾಯವಾಣಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್ ಹತ್ತಿರದವರಿಗೆ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. "ಒಂದು ಕೋಳಿಗೆ ಬಂದಿರಾ" ಅಂತ ಯಾರಾದರೂ ನಕ್ಕರೆ ನಗಲಿ.

ಕಾಯಲೇಬಾರದ ಲಕ್ಷಣಗಳಿವು: ತಿಂದದ್ದು, ಕುಡಿದದ್ದು ಕುತ್ತಿಗೆಯ ಬುಡದ ಗಾಯದಿಂದ ಹೊರಬಂದರೆ ಕಾಳು ಚೀಲ ಹರಿದಿದೆ, ಹೊಲಿಗೆ ಬೇಕು. ಚರ್ಮದಡಿ ಗಾಳಿ ತುಂಬಿ ಬಲೂನಿನಂತೆ ಉಬ್ಬಿದರೆ ಶ್ವಾಸಕೋಶಕ್ಕೆ ಕೂಡಿಕೊಂಡ ಗಾಳಿಚೀಲಕ್ಕೆ ಪೆಟ್ಟಾಗಿದೆ. ಭುಜಕ್ಕೆ ಹತ್ತಿರದ ರೆಕ್ಕೆ ಮೂಳೆ ಮುರಿದು ಹೊರಗೆ ಕಾಣುತ್ತಿದ್ದರೆ ಅದರೊಳಗೆ ನೀರು ಚಿಮ್ಮಿಸಬೇಡಿ. ಆ ಮೂಳೆ ಟೊಳ್ಳು, ಗಾಳಿಚೀಲಕ್ಕೆ ಕೂಡಿಕೊಂಡಿರುತ್ತದೆ. ನೀರು ಉಸಿರಿನ ದಾರಿಗೇ ಹೋಗುತ್ತದೆ.

ಇನ್ನೊಂದು, ಇದಕ್ಕೆ ಹೆದರಿ ಬರುವವರು ತುಂಬಾ ಜನ. ಪೆಟ್ಟು ಬಿದ್ದ ಜಾಗ ಎರಡು ಮೂರು ದಿನಕ್ಕೆ ಹಸಿರಾಗುತ್ತದೆ. ಕೊಳೆತಿದೆ ಅಂದುಕೊಳ್ಳಬೇಡಿ. ಹೆಪ್ಪುಗಟ್ಟಿದ ರಕ್ತ ಹಕ್ಕಿಗಳಲ್ಲಿ ಒಡೆದು ಹಸಿರು ಬಣ್ಣದಲ್ಲೇ ಉಳಿಯುತ್ತದೆ, ನಮ್ಮ ಹಾಗೆ ಹಳದಿಗೆ ತಿರುಗುವುದಿಲ್ಲ. ಕೆಟ್ಟ ವಾಸನೆ, ಕೀವು, ಕಪ್ಪು ಒಣಚರ್ಮ ಇದ್ದರೆ ಮಾತ್ರ ಚಿಂತೆ.

ಮನೆಯ ನೋವಿನ ಮಾತ್ರೆ ಪುಡಿ ಮಾಡಿ ಹಾಕುವ ಉಪಾಯ ಬೇಡ. ಡೈಕ್ಲೊಫೆನಾಕ್ ಹಕ್ಕಿಗಳ ಮೂತ್ರಪಿಂಡ ಕೆಡಿಸುತ್ತದೆ. ಅದನ್ನು ಕೊಟ್ಟ ದನಗಳ ಹೆಣ ತಿಂದು ರಣಹದ್ದುಗಳು ಸತ್ತದ್ದು ಅದರಿಂದಲೇ, 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಿದರು. ಕೋಳಿಗೆ ಕೊಡಬಹುದಾದ ನೋವಿನ ಔಷಧಿ ಇದೆ, ತೂಕ ನೋಡಿ ವೈದ್ಯರೇ ಹೇಳಬೇಕು.

ಹುಚ್ಚುನಾಯಿ ರೋಗ ಸಸ್ತನಿಗಳಿಗೆ ಮಾತ್ರ, ಕೋಳಿಗೆ ಹುಚ್ಚು ಹಿಡಿಯುವುದಿಲ್ಲ. ಆದರೆ ನಾಯಿಯ ಎಂಜಲು ಇನ್ನೂ ಹಸಿಯಾಗಿದ್ದಾಗ ಗಾಯವಿದ್ದ ಕೈಯಲ್ಲಿ ಮುಟ್ಟಿದ್ದರೆ, ಅಥವಾ ಬಿಡಿಸುವಾಗ ನಾಯಿ ನಿಮ್ಮನ್ನೇ ಪರಚಿದ್ದರೆ, ಸೋಪು ಹಾಕಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ಇವತ್ತೇ ಮನುಷ್ಯರ ಡಾಕ್ಟರ ಹತ್ತಿರ ಹೋಗಿ. ಅದಕ್ಕೆ ಸೋಮವಾರ ಕಾಯಬೇಡಿ.

ಪುತ್ತೂರಿನಿಂದ:

ನಿಮ್ಮ ಅತ್ತೆಯವರದ್ದು ಪೂರ್ತಿ ತಪ್ಪು ಅಂತ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಜುಟ್ಟು ಪರಚಿ ರಕ್ತ ಬಂದ್ರೆ ನಾವು ಒಣ ಅರಿಶಿನವನ್ನೇ ಒತ್ತಿ ಹಿಡಿಯುದು, ನಿಲ್ತದೆ. ಆದ್ರೆ ಇಷ್ಟು ದೊಡ್ಡ ಗಾಯಕ್ಕೆ ಎಣ್ಣೆ ಬೇಡ. ಪುಕ್ಕ ಎಲ್ಲ ಅಂಟಾಗಿ ಧೂಳು ಹಿಡೀತದೆ, ಪುಕ್ಕ ಒದ್ದೆಯಾದ ಕೋಳಿಗೆ ಚಳಿ ಬೇರೆ.

ಕಾಲಿನ ವಿಷಯ. ಊರುದಿಲ್ಲ ಅಂದ್ರೆ ಮುರಿದಿದೆ ಅಂತಲೇ ಅಲ್ಲ. ಎರಡೂ ಕಾಲು ಒಟ್ಟಿಗೆ ಮುಟ್ಟಿ ನೋಡಿ. ಒಂದು ಕಡೆ ಬಾವು ಬಂದು, ಇರಬಾರದ ಜಾಗದಲ್ಲಿ ಅಲುಗಾಡಿದ್ರೆ ಮುರಿದಿದೆ. ಕೆಳಗಿನ ಕಾಲು, ಆ ಹುರುಪೆ ಇರುವ ಭಾಗ ಆದ್ರೆ ಹತ್ತಿ ಸುತ್ತಿ, ಐಸ್‌ಕ್ರೀಮ್ ಕಡ್ಡಿ ಇಟ್ಟು, ಮೇಲೆ ಕೆಳಗೆ ಎರಡೂ ಗಂಟು ಹಿಡಿಯುವ ಹಾಗೆ ಕ್ರೇಪ್ ಬ್ಯಾಂಡೇಜ್ ಕಟ್ಟಬಹುದು. ಬಿಗಿ ಕಟ್ಟಿದ್ರೆ ಬೆರಳು ತಣ್ಣಗಾಗಿ ಬಾತುಕೊಳ್ತದೆ, ನೋಡ್ತಾ ಇರಿ. ಹಕ್ಕಿಯ ಮೂಳೆ ಬೇಗ ಕೂಡ್ತದೆ, ಮೂರು ವಾರದ ಲೆಕ್ಕ. ತೊಡೆಯ ಮೂಳೆ ಆದ್ರೆ ಕಟ್ಟಲಿಕ್ಕೆ ಜಾಗವೇ ಇಲ್ಲ, ಡಬ್ಬದಲ್ಲಿ ಓಡಾಡದ ಹಾಗೆ ಇಟ್ಟು ಡಾಕ್ಟ್ರಿಗೆ ತೋರಿಸುದೇ.

ಮಾವನವರಿಗೂ ಒಂದು ಮಾತು. ಔಷಧಿ ಹೋದ ಮೇಲೆ ಸಾರಿನ ಆಸೆ ಬಿಡ್ಲಿ. ಹೊಟ್ಟೆ ಬಗಿದು ಕರುಳು ಹೊರಗೆ ಬಂದಿದ್ರೆ, ಎರಡೂ ಕಾಲಿನ ಸ್ವಾಧೀನ ತಪ್ಪಿದ್ರೆ ನಾನೂ ಇಟ್ಟುಕೊಂಡು ನರಳಿಸುದಿಲ್ಲ, ಬೇಗ ಮುಗಿಸ್ತೇನೆ. ನೀವು ಹೇಳಿದ ಗಾಯ ಅಂಥದ್ದಲ್ಲ.

ಬೆಂಗಳೂರಿನಿಂದ:

ತಿನ್ನಿಸೋದಕ್ಕೆ ಬೇಯಿಸಿದ ಮೊಟ್ಟೆ ಪುಡಿ ಮಾಡಿಡಿ. ಕೋಳಿಗೆ ಮೊಟ್ಟೆಯಾ ಅಂತ ನಮ್ಮಮ್ಮ ಬೈದರು, ಆದರೆ ಹುಷಾರಿಲ್ಲದ ಕೋಳಿ ಮೊದಲು ಬಾಯಿ ಹಾಕಿದ್ದು ಅದಕ್ಕೇ. ನೀರಲ್ಲಿ ನೆನೆಸಿದ ಫೀಡ್ ಕೂಡ ಆಗುತ್ತೆ. ಹಿಕ್ಕೆ ಮೇಲೆ ಕಣ್ಣಿಡಿ. ಕಡು ಹಸಿರು, ನೀರುನೀರಾಗಿದ್ದರೆ ಹೊಟ್ಟೆಗೆ ಏನೂ ಹೋಗಿಲ್ಲ ಅಂತ ಅರ್ಥ ಇರಬಹುದು. ಆದರೆ ಗಾಯವಾಗದ ಬೇರೆ ಕೋಳಿಗಳೂ ಹಸಿರು ಹಾಕಿ, ಕುತ್ತಿಗೆ ತಿರುಚಿಕೊಂಡರೆ ಅದು ಕೋಳಿಗಳಿಗೆ ಹರಡುವ ಕೊಕ್ಕರೆ ರೋಗದ (ರಾಣಿಖೇತ್) ಲಕ್ಷಣ, ನಾಯಿಯದ್ದಲ್ಲ.

ಪ್ರಶ್ನೆ ಕೇಳಿದವರು, ಕೆಲವು ದಿನಗಳ ನಂತರ:

ಎಲ್ಲರಿಗೂ ಧನ್ಯವಾದ. ಕಾಲು ಮುರಿದಿಲ್ಲವಂತೆ, ಬರೀ ಪೆಟ್ಟು. ತೊಡೆಯ ಒಳಗಡೆ ಎರಡು ಹಲ್ಲಿನ ತೂತು ಇತ್ತು, ನೀವು ಹೇಳದಿದ್ದರೆ ನೋಡುತ್ತಲೇ ಇರಲಿಲ್ಲ. ಡಾಕ್ಟರ್ ಇಂಜೆಕ್ಷನ್ ಕೊಟ್ಟು ಕುಡಿಸುವ ಔಷಧಿ ಬರೆದಿದ್ದಾರೆ. ಈಗ ಕುಂಟುತ್ತಾ ಓಡಾಡಿ ಮೊಟ್ಟೆ, ಅನ್ನ ತಿನ್ನುತ್ತಿದೆ. ಬೇರೆ ಕೋಳಿಗಳ ಜೊತೆ ಯಾವಾಗ ಬಿಡಲಿ? ಮೊಟ್ಟೆ ಇಡುವುದನ್ನು ನಿಲ್ಲಿಸಿದೆ, ಮುಂದೆ ಇಟ್ಟರೆ ತಿನ್ನಬಹುದಾ?

ಮೈಸೂರಿನ ವೈದ್ಯೆ:

ಒಳ್ಳೆಯ ಸುದ್ದಿ. ಗಾಯ ಪೂರ್ತಿ ಮುಚ್ಚಿ, ಕೆಂಪು ಕಾಣದೆ, ಹೊಸ ಪುಕ್ಕ ಮೂಡಿದ ಮೇಲೆ ಬಿಡಿ. ದೂರ ಇಟ್ಟಷ್ಟೂ ಉಳಿದವು ಅದನ್ನು ಹೊಸ ಕೋಳಿ ಅಂದುಕೊಂಡು ಕಾದಾಡುತ್ತವೆ. ಹಾಗಾಗಿ ಈಗಿನಿಂದಲೇ ಹಗಲು ಹೊತ್ತು ಜಾಲರಿಯ ಆಚೆ ಕಾಣುವಂತೆ ಇಡಿ. ಸೇರಿಸುವ ದಿನ ಎರಡು ಕಡೆ ಕಾಳು, ಎರಡು ಕಡೆ ನೀರು ಇಟ್ಟು ಪಕ್ಕದಲ್ಲೇ ಇರಿ.

ಹೆದರಿದ ಕೋಳಿ ಕೆಲವು ವಾರ ಮೊಟ್ಟೆ ನಿಲ್ಲಿಸುವುದು ಸಹಜ. ಔಷಧಿ ನಡೆಯುವಾಗ ಇಟ್ಟ ಮೊಟ್ಟೆ ತಿನ್ನಬೇಡಿ, ಮಾರಲೂಬೇಡಿ. ಔಷಧಿ ಮುಗಿದ ಮೇಲೂ ಅದರ ಅಂಶ ಮೊಟ್ಟೆಯಲ್ಲಿ ಬರುತ್ತದೆ, ಎಷ್ಟು ದಿನ ಅನ್ನುವುದು ಔಷಧಿಯಿಂದ ಔಷಧಿಗೆ ಬೇರೆ. ಬರೆದುಕೊಟ್ಟ ಚೀಟಿ ಹಿಡಿದು ಅದೇ ಡಾಕ್ಟರನ್ನು ಕೇಳಿ.